ಹದ್ದಿನಗುಂಡಿನ ಎತ್ತರ

ಪಾತಣ್ಣನ ಕುರಿಗಳು ಸತ್ತ ಬೇಸಗೆಯಲ್ಲಿ ಅವನ ಮಗಳು ಶಾಂತಕುಮಾರಿಗೆ ಹನ್ನೊಂದು ವರ್ಷ. ದೇವಸಮುದ್ರದ ಕಡೆಯ ಒಂದು ಹಟ್ಟಿಯಲ್ಲಿ ಅವರ ಮನೆ. ಹಟ್ಟಿಯ ಬೆನ್ನಿಗೆ ಹದ್ದಿನಗುಂಡು ಎಂಬ ಬಂಡೆಗುಡ್ಡ, ಗುಡ್ಡದ ಆಚೆಗೆ ಸಾವುಕಾರ ಚಿಕ್ಕಬಸಪ್ಪನ ಊರು. ಗುಡ್ಡವೂ ಅದರ ಬುಡದ ಹೊಲಗಳೂ ಚಿಕ್ಕಬಸಪ್ಪನ ಪಟ್ಟಾ ಜಮೀನು. ಹೊಲದ ಅಂಚಿಗೆ ಒಂದು ದಾರಿಯಿತ್ತು. ಯಾವ ಕಾಲದಿಂದಲೋ ಹಟ್ಟಿಯ ಮಂದೆಗಳು ಅದರಲ್ಲೇ ಓಡಾಡುತ್ತಿದ್ದವು, ಅವನ ಪಂಪ್‌ಹೌಸಿನ ಮುಂದಿನ ತೊಟ್ಟಿಯಲ್ಲಿ ನೀರು ಕುಡಿದು ಮುಂದೆ ಹೋಗುತ್ತಿದ್ದವು. ದಾರಿ ಮುಚ್ಚುತ್ತೇನೆಂದು ಚಿಕ್ಕಬಸಪ್ಪ ಆ ವರ್ಷ ಹೇಳಿಕಳಿಸಿದ್ದ. ಹಟ್ಟಿಯ ಉಳಿದವರು ತಲೆ ತಗ್ಗಿಸಿ ಸುಮ್ಮನಿದ್ದರೆ ಪಾತಣ್ಣ ಮಾತ್ರ ಅವನ ಮನೆಯ ಕಟ್ಟೆಯ ಮುಂದೆ ನಿಂತು, ನಮ್ಮ ತಾತ ಮುತ್ತಾತ ಹೋದ ದಾರಿ, ನಾನೂ ಹೋಗ್ತೀನಿ ಎಂದು ಹೇಳಿ ಬಂದಿದ್ದ. ಸಾವುಕಾರನ ಎದುರು ಹಾಗೆ ಮಾತಾಡಿದವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ.

ಅದಾಗಿ ವಾರವೂ ಕಳೆದಿರಲಿಲ್ಲ. ಮಧ್ಯಾಹ್ನ ಶಾಂತಕುಮಾರಿ ಅಪ್ಪನಿಗೆ ಮುದ್ದೆ ಕಟ್ಟಿಕೊಂಡು ಬುತ್ತಿ ಹೊತ್ತು ಹೋದಳು. ಪಾತಣ್ಣ ನಾಲಿಗೆ ಮಡಿಚಿ ಸೀಟಿ ಹಾಕಿ ಮಂದೆಯನ್ನು ತೊಟ್ಟಿಗೆ ಬಿಟ್ಟಿದ್ದ. ಬಿಸಿಲಿಗೆ ಬಾಯಾರಿದ್ದ ಕುರಿಗಳು ಒಂದರ ಮೇಲೊಂದು ಬಿದ್ದು ಕುಡಿದವು. ಅವನು ಮುದ್ದೆ ಮುರಿದು ಬಾಯಿಗೆ ಇಡುವಷ್ಟರಲ್ಲಿ ಮುಂದಿನ ಟಗರು ತೂರಾಡಿತು. ಆಮೇಲೆ ಒಂದೊಂದೇ ಹೊಟ್ಟೆ ಉಬ್ಬಿಸಿಕೊಂಡು, ಬಾಯಲ್ಲಿ ನೊರೆ ತಂದು, ಕಾಲು ಬಡಿಯುತ್ತ ಬಿದ್ದವು. ಪಾತಣ್ಣ ಕೈ ತೊಳೆಯದೆ ಎದ್ದು ಒಂದರಿಂದ ಇನ್ನೊಂದಕ್ಕೆ ಓಡಿದ. ಹುಣಸೆ ಹುಳಿ ಕಿವುಚಿ ಕುಡಿಸಿದ, ಹೊಟ್ಟೆ ತಿಕ್ಕಿದ. ಹೊತ್ತು ಮುಳುಗುವ ಹೊತ್ತಿಗೆ ಮಂದೆಯಲ್ಲಿ ನೀರು ಕುಡಿಯಲು ಹಿಂದೆ ಬಿದ್ದ ಕೆಲವು ಮರಿಗಳು ಮಾತ್ರ ಉಳಿದಿದ್ದವು.

ತೊಟ್ಟಿಯ ಮೂಲೆಯಲ್ಲಿ ಬಿಳಿಯ ಹರಳುಗಳು ಅಂಟಿದ್ದನ್ನು ಶಾಂತಕುಮಾರಿ ನೋಡಿದಳು. ಬೆರಳಲ್ಲಿ ತಿಕ್ಕಿದಳು. ಪಂಚಾಯ್ತಿ ಸೇರಿದ ದಿನ ಅದನ್ನು ಹೇಳಿದಳೂ ಸಹ. ಚಿಕ್ಕಬಸಪ್ಪ ಬೇಸರ ಮಾಡಿಕೊಳ್ಳದೆ, ಈರುಳ್ಳಿಗೆ ಹಾಕಲು ತಂದ ಯೂರಿಯಾ ಅಲ್ಲೆಲ್ಲೋ ಒಂದಿಷ್ಟು ಚೆಲ್ಲಿರಬೇಕು, ಮಗು ಕಂಡದ್ದು ನಿಜವೇ ಇರಬಹುದು, ಆದರೆ ಒಂದು ಹಿಡಿ ಗೊಬ್ಬರಕ್ಕೆ ಇಡೀ ಮಂದೆ ಸಾಯುತ್ತದೆಯೇ ಎಂದ. ತೊಟ್ಟಿಯನ್ನು ಅಷ್ಟರಲ್ಲಿ ತೊಳೆದಿದ್ದರು. ಊರಿನ ಹಿರಿಯರೂ ಹಟ್ಟಿಯ ಯಜಮಾನರೂ ಒಂದೇ ಕಂಬಳಿಯ ಮೇಲೆ ಕೂತು ಯೋಚಿಸಿ, ಪಾತಣ್ಣ ದಾರಿಯಲ್ಲಿ ಕುರಿಗಳನ್ನು ಕೂಳೆ ಜೋಳಕ್ಕೆ ಬಿಟ್ಟಿದ್ದಾನೆ, ಕೊಯ್ದ ಜೋಳದ ಬುಡದಲ್ಲಿ ಬರುವ ಚಿಗುರು ವಿಷವೆಂಬುದು ಎಲ್ಲರಿಗೂ ಗೊತ್ತು, ತಪ್ಪು ಅವನದೇ ಎಂದು ತೀರ್ಮಾನಿಸಿದರು.

ಕೂಳೆ ಯಾವುದು ಹುಲ್ಲು ಯಾವುದು ಎಂದು ತಿಳಿಯದವನು ಕುರಿ ಕಾಯುವವನೇ ಅಲ್ಲ. ಹಟ್ಟಿಯ ಮಂದಿ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಯಾರೂ ಅವನ ಜೊತೆ ತಮ್ಮ ಮಂದೆ ಬೆರೆಸಲಿಲ್ಲ. ಮಗಳ ಮದುವೆ ಮಾತಾಡುವವರು ಮುಂದೆ ಒಂದು ದಿನ ‘ಕುರಿ ಕೊಂದ ಪಾತಣ್ಣನ ಮಗಳೇ’ ಎಂದು ಕೇಳುವಂತಾಯಿತು. ಪಾತಣ್ಣ ಉಳಿದ ಮರಿಗಳನ್ನು ತಂಗಿ ಜಯಕ್ಕನಿಗೆ ಕೊಟ್ಟು, ಹೆಂಡತಿ ಬೊಮ್ಮಕ್ಕ ಮತ್ತು ಮಗಳನ್ನು ಕರೆದುಕೊಂಡು ಚಳ್ಳಕೆರೆಗೆ ಹೊರಟುಬಿಟ್ಟ. ಅಲ್ಲಿ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊತ್ತ. ಬೊಮ್ಮಕ್ಕ ಕಾಯಿ ಸುಲಿಯಲು ಹೋದಳು. ಹಟ್ಟಿಯ ಕಡೆ ಪಾತಣ್ಣ ಮತ್ತೆ ಕಾಲಿಡಲಿಲ್ಲ.

ಶಾಂತಕುಮಾರಿ ಶಾಂತಳಾಗಿ ಬೆಳೆಯಲಿಲ್ಲ. ಶಾಲೆಯಲ್ಲಿ, ಹಾಸ್ಟೆಲಿನಲ್ಲಿ, ಆಮೇಲೆ ಚಿತ್ರದುರ್ಗದಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬಿಡಿಸುವ ಕೋರ್ಸಿಗೆ ಸೇರಿದಾಗಲೂ ಚಿಕ್ಕಬಸಪ್ಪನ ಮುಖ ಅವಳ ಕಣ್ಣ ಮುಂದಿಂದ ಸರಿಯಲಿಲ್ಲ. ಪಂಚಾಯ್ತಿಯಲ್ಲಿ ಅವನು ತನ್ನ ಕಡೆ ನೋಡಿ ನಕ್ಕ ರೀತಿ ನೆನಪಾದರೆ ಅನ್ನದ ತಟ್ಟೆ ಬಿಟ್ಟು ಏಳುತ್ತಿದ್ದಳು. ಅವನ ಬಣವೆಗೆ ಬೆಂಕಿ ಇಡುವುದು, ಅವನ ಮಗಳ ಮದುವೆಯ ದಿನ ಚಪ್ಪರದಲ್ಲಿ ನಿಂತು ಎಲ್ಲವನ್ನೂ ಕೂಗಿ ಹೇಳುವುದು, ಹೀಗೆ ಏನೇನೋ ಮನಸ್ಸಿನಲ್ಲಿ ಮಾಡುತ್ತಿದ್ದಳು. ಬೊಮ್ಮಕ್ಕ ಅವಳ ಹಣೆ ಮುಟ್ಟಿ ನೋಡಿ, ಈ ಹುಡುಗಿಗೆ ಜ್ವರ ಒಳಗೇ ಇದೆ ಎನ್ನುತ್ತಿದ್ದಳು.

ಎರಡು ಸಾವಿರದ ಆರರಲ್ಲಿ ಅವಳಿಗೆ ಚಳ್ಳಕೆರೆಯಲ್ಲೇ ಕೆಲಸ ಸಿಕ್ಕಿತು. ಬಸ್ ನಿಲ್ದಾಣದ ಹತ್ತಿರ ಬೀಜದ ಅಂಗಡಿಯ ಮಾಳಿಗೆಯ ಮೇಲೆ ಚಂದ್ರಣ್ಣ ಎಂಬವರು ಚಿಕ್ಕ ಆಫೀಸು ಇಟ್ಟಿದ್ದರು. ನಕ್ಷೆ ಬರೆಯುವ ಕೆಲಸದಲ್ಲೇ ತಲೆ ನೆರೆತವರು. ಮೊಬೈಲ್ ಫೋನು ಹಳ್ಳಿಗಳಿಗೆ ಬರುತ್ತಿದ್ದ ಕಾಲ. ಬೆಂಗಳೂರಿನ ಒಂದು ಕಂಪನಿ ಟವರ್ ನಿಲ್ಲಿಸಲು ಜಾಗ ಹುಡುಕುತ್ತಿತ್ತು. ಕಂಪನಿಯವರು ಒಂದೊಂದು ಜಾಗದ ಅಕ್ಷಾಂಶ ರೇಖಾಂಶ ಕಳಿಸುತ್ತಿದ್ದರು. ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ, ಅಲ್ಲಿ ನಿಂತರೆ ಪಕ್ಕದ ಟವರ್ ಕಾಣುತ್ತದೆಯೋ ನಡುವೆ ಗುಡ್ಡ ಅಡ್ಡ ಬರುತ್ತದೆಯೋ ಎಂದು ಚಂದ್ರಣ್ಣನ ಆಫೀಸು ಹೇಳಬೇಕು.

ಹಿಂದಿನ ಕಾಲವಾಗಿದ್ದರೆ ಉಪಕರಣ ಹೊತ್ತು ಗುಡ್ಡ ಹತ್ತಬೇಕಿತ್ತು. ಈಗ ಬಾಹ್ಯಾಕಾಶ ನೌಕೆಯೊಂದು ಆಕಾಶದಿಂದ ರೇಡಾರ್ ಬೀರಿ ಅಳೆದುಕೊಟ್ಟ ಎತ್ತರಗಳು ಸಿ.ಡಿ.ಯಲ್ಲಿ ಸಿಗುತ್ತಿದ್ದವು. ಇಡೀ ನೆಲದ ಮೇಲೆ ಚೌಕುಳಿ ಬಟ್ಟೆ ಹಾಸಿ, ಒಂದೊಂದು ಚೌಕಕ್ಕೆ ಒಂದೊಂದು ಎತ್ತರ ಬರೆದಿಟ್ಟಂತೆ. ಒಂದು ಚೌಕವೆಂದರೆ ಸುಮಾರು ತೊಂಬತ್ತು ಮೀಟರ್ ಉದ್ದ, ಅಷ್ಟೇ ಅಗಲ. ಅಕ್ಷಾಂಶ ರೇಖಾಂಶ ಕೊಟ್ಟರೆ ಕಂಪ್ಯೂಟರು ಆ ಜಾಗದ ಸುತ್ತಲಿನ ಚೌಕಗಳನ್ನು ತೂಗಿ ನೋಡಿ ಎತ್ತರ ಹೇಳುತ್ತಿತ್ತು. ಬಯಲಿನಲ್ಲಿ ಅದು ಹೇಳಿದ್ದು ಹೆಚ್ಚುಕಡಿಮೆ ಸರಿಯೇ ಇರುತ್ತಿತ್ತು. ಕಷ್ಟವಿದ್ದದ್ದು ಮೊಳಕಾಲ್ಮೂರಿನ ಗುಡ್ಡಗಳಲ್ಲಿ. ಅಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿದಂಥ ಚೂಪು ನೆತ್ತಿ. ತೊಂಬತ್ತು ಮೀಟರಿನ ಚೌಕದೊಳಗೆ ನೆತ್ತಿಯೂ ಇಳಿಜಾರೂ ಕಲೆತುಹೋಗಿ, ಸರಾಸರಿ ಬಿದ್ದು, ಗುಡ್ಡ ಇದ್ದುದಕ್ಕಿಂತ ಕುಳ್ಳಾಗಿ ಬರುತ್ತಿತ್ತು. ಇದನ್ನು ಕಂಡುಕೊಂಡ ಮೇಲೆ ಶಾಂತಕುಮಾರಿ ಪ್ರತಿ ಬಂಡೆಗುಡ್ಡಕ್ಕೂ ಹಳೆಯ ಸರ್ವೆ ನಕ್ಷೆ ತೆಗೆದು, ಅದರಲ್ಲಿ ನೆತ್ತಿಯ ಎತ್ತರ ಬೇರೆ ಇದ್ದರೆ ಟಿಪ್ಪಣಿ ಹಾಕಿ ಕಳಿಸುವುದನ್ನು ರೂಢಿ ಮಾಡಿಕೊಂಡಳು. ಚಂದ್ರಣ್ಣ ಮೊದಮೊದಲು ಅವಳ ಕೆಲಸವನ್ನು ಮತ್ತೊಮ್ಮೆ ನೋಡುತ್ತಿದ್ದರು. ನಂಬಿಕೆ ಬಂದ ಮೇಲೆ ಬಿಟ್ಟುಬಿಟ್ಟರು.

ಒಂದು ದಿನ ಕಂಪನಿಯಿಂದ ದೇವಸಮುದ್ರದ ಸುತ್ತಿನ ಜಾಗಗಳು ಬಂದವು. ಅದರಲ್ಲಿ ಒಂದನ್ನು ಪರದೆಯ ಮೇಲೆ ಇಟ್ಟು ನೋಡಿದಳು. ಹೆಸರು ಓದುವ ಮೊದಲೇ ಗೊತ್ತಾಯಿತು. ಪಕ್ಕದ ಬಯಲಲ್ಲಿ ಹಟ್ಟಿ, ಆಚೆಗೆ ಊರು, ನಡುವೆ ಹದ್ದಿನಗುಂಡು.

ಮಾರನೆಯ ದಿನವೇ ಮಾಳಿಗೆಯ ಮೆಟ್ಟಿಲು ಹತ್ತಿ ಒಬ್ಬ ಯುವಕ ಬಂದ. ಇಸ್ತ್ರಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸೀತಾಫಲದ ಬುಟ್ಟಿ. ಚಂದ್ರಣ್ಣ ಹೊರಗೆ ಹೋಗಿದ್ದರು. ತಾನು ಚಿಕ್ಕಬಸಪ್ಪನವರ ಮಗ ಅಮರೇಶ್ ಎಂದು ಅವನು ಹೇಳಿಕೊಂಡ. ಎತ್ತರ ನೋಡುವುದು ಇಲ್ಲೇ ಎಂದು ಕಂಪನಿಯ ಎಂಜಿನಿಯರ್ ಹೇಳಿದರಂತೆ. ಮೇಡಂ ಎಂದು ಮಾತಿಗೊಮ್ಮೆ ಕರೆಯುತ್ತ, ಟವರ್ ಬಂದರೆ ತಮ್ಮ ಊರಿಗೂ ಹಟ್ಟಿಯವರಿಗೂ ಅನುಕೂಲ, ತಂದೆಯವರಿಗೆ ಅದೊಂದು ಆಸೆ ಎಂದೆಲ್ಲ ಹೇಳಿದ. ಇವಳು ಯಾರೆಂದು ಅವನಿಗೆ ತಿಳಿದಿರಲಿಲ್ಲ. ಕುರಿಗಳು ಸತ್ತಾಗ ಅವನೂ ಹುಡುಗನೇ, ಬಳ್ಳಾರಿಯಲ್ಲಿ ಓದುತ್ತಿದ್ದ.

"ಗುಡ್ಡಕ್ಕೆ ದಾರಿ ಐತಾ?" ಎಂದು ಶಾಂತಕುಮಾರಿ ಕೇಳಿದಳು.

"ಮುಂಚೆ ಕುರಿಯವರು ಓಡಾಡೋ ದಾರಿ ಒಂದಿತ್ತು ಮೇಡಂ. ಅವರ ಕಾಟ ತಡೀಲಾರದೆ ನಮ್ಮಪ್ಪ ಬಂದ್ ಮಾಡ್ಸಿದ್ರು. ಬೇಕಂದ್ರೆ ಬಿಡಿಸಿಕೊಡ್ತೀವಿ."

ಅವನು ಹೋದ ಮೇಲೆ ಅವಳು ಎತ್ತರ ತೆಗೆದಳು. ಕಂಪ್ಯೂಟರು ಆರುನೂರ ಮೂವತ್ತೊಂದು ಮೀಟರ್ ಎಂದಿತು. ಎದ್ದು ಹೋಗಿ ಹಳೆಯ ನಕ್ಷೆ ಬಿಡಿಸಿದಳು. ನೆತ್ತಿಯ ಚುಕ್ಕೆಯ ಪಕ್ಕದಲ್ಲಿ ಆರುನೂರ ಐವತ್ತೇಳು ಎಂದಿತ್ತು. ಐವತ್ತೇಳಾದರೆ ಗುಡ್ಡದಿಂದ ಪಕ್ಕದ ಟವರ್ ನೇರ ಕಾಣುತ್ತಿತ್ತು, ಸುತ್ತ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಮೂವತ್ತೊಂದಾದರೆ ನಡುವೆ ಇನ್ನೊಂದು ಗುಡ್ಡದ ಏಣು ಅಡ್ಡ ಬರುತ್ತಿತ್ತು. ನಕ್ಷೆಯನ್ನು ಮಡಿಚಿ ಬೀರುವಿನಲ್ಲಿಟ್ಟು ಬಂದು ಕೂತಳು. ಅವಳು ಅಂಕಿ ತಿದ್ದಬೇಕಾದ್ದೇನೂ ಇರಲಿಲ್ಲ, ಸುಳ್ಳು ಬರೆಯಬೇಕಾದ್ದೂ ಇರಲಿಲ್ಲ. ಟಿಪ್ಪಣಿ ಹಾಕದೆ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದಳು. ಸೀತಾಫಲದ ಬುಟ್ಟಿಯನ್ನು ಕೆಳಗಿನ ಬೀಜದಂಗಡಿಯವರಿಗೆ ಕೊಟ್ಟಳು.

ಟವರ್ ಹದ್ದಿನಗುಂಡಿಗೆ ಬರಲಿಲ್ಲ. ರಸ್ತೆಯ ಕಡೆ ಮಾರಣ್ಣ ಎಂಬವನ ದಿಬ್ಬದ ಮೇಲೆ ನಿಂತಿತು. ಊರಲ್ಲಿ ಚಿಕ್ಕಬಸಪ್ಪ ಟವರ್ ಬಂದೇಬಿಟ್ಟಿತೆಂದು ಮೊದಲೇ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದನಂತೆ, ಈಗ ಮಾರಣ್ಣ ಎದುರಿಗೆ ಬಂದರೆ ದಾರಿ ಬದಲಿಸುತ್ತಾನಂತೆ ಎಂಬ ಸುದ್ದಿ ಜಯಕ್ಕನ ಕಡೆಯಿಂದ ಬಂತು. ಅಂದು ಶಾಂತಕುಮಾರಿ ಬಹಳ ವರ್ಷಗಳ ಮೇಲೆ ಹೊಟ್ಟೆ ತುಂಬ ಉಂಡಳು. ಉಂಡು ಕೈತೊಳೆದು, ತಾನು ಮಾಡಿದ್ದನ್ನು ಅಪ್ಪನಿಗೆ ಹೇಳಿದಳು.

ಪಾತಣ್ಣ ಕೇಳಿಸಿಕೊಂಡು ಬೀಡಿ ಹಚ್ಚಿದ.

"ಕುರಿ ಸತ್ತಿದ್ದಕ್ಕೆ ಗುಡ್ಡ ಗಿಡ್ಡ ಮಾಡಿದ್ಯಾ?" ಎಂದ. ಒಂದು ದಮ್ಮು ಎಳೆದು, "ಏಟು ಎಲ್ಲಿಂದ ಬಂತು ಅಂತ ಅವನಿಗೆ ಗೊತ್ತಾತಾ? ಇಲ್ಲ. ಮಾರಣ್ಣನ ನಸೀಬು ಚೆನ್ನಾಗೈತೆ ಅಂದ್ಕೊಂಡಿರ್ತಾನೆ. ನಂಗೆ ಅವನ ಟವರ್ ಬೇಕಿರ್ಲಿಲ್ಲವ್ವ. ಅವನ ಬಾಯಿಂದ ಒಂದು ಮಾತು ಬೇಕಿತ್ತು. ಹಾಕ್ದೆ ಅನ್ನೋದು. ಅಷ್ಟೇ" ಎಂದ.

ಅಪ್ಪ ಇದನ್ನೆಲ್ಲ ಮರೆತು ಮೂಟೆ ಹೊರುತ್ತಿದ್ದಾನೆ ಎಂದುಕೊಂಡಿದ್ದ ಶಾಂತಕುಮಾರಿಗೆ, ಮನೆಯಲ್ಲಿ ಉರಿಯುತ್ತಿರುವುದು ತಾನೊಬ್ಬಳೇ ಅಲ್ಲ ಎಂದು ಅವತ್ತು ತಿಳಿಯಿತು.

ಮುಂದಿನ ಬೇಸಗೆಯ ಹೊತ್ತಿಗೆ ಹಟ್ಟಿಯಲ್ಲೂ ನಾಲ್ಕಾರು ಮನೆಗೆ ಮೊಬೈಲು ಬಂದಿತ್ತು. ಆದರೆ ಮಾರಣ್ಣನ ದಿಬ್ಬಕ್ಕೂ ಹಟ್ಟಿಗೂ ನಡುವೆ ಹದ್ದಿನಗುಂಡು ಅಡ್ಡ. ಹಟ್ಟಿಯಲ್ಲಿ ಫೋನು ಹಿಡಿದರೆ ಒಂದು ಗೆರೆಯೂ ಬರುತ್ತಿರಲಿಲ್ಲ. ಮಾತಾಡಬೇಕೆಂದರೆ ಗುಡ್ಡದ ಅರ್ಧ ಹತ್ತಬೇಕು. ಗುಡ್ಡ ಚಿಕ್ಕಬಸಪ್ಪನದು. ಅವನು ಹತ್ತುವ ಕಡೆಗೆಲ್ಲ ಜಾಲಿ ಮುಳ್ಳು ಬಡಿಸಿ, ಬುಡದಲ್ಲಿ ಹಾಸುಗಲ್ಲಿನ ಮೇಲೆ ಕೂತು, ಯಾರು ಹತ್ತಬೇಕು ಯಾರು ಬೇಡ ಎಂದು ಹೇಳತೊಡಗಿದ. ತನ್ನನ್ನು ಅಪ್ಪಣೆ ಕೇಳಿದವರನ್ನು ಬಿಡುತ್ತಿದ್ದ. ಕೇಳದವರನ್ನು ಬಿಡುತ್ತಿರಲಿಲ್ಲ. ಟವರ್ ಬಂದಿದ್ದರೂ ಅವನಿಗೆ ಇಷ್ಟು ದರ್ಬಾರು ಸಿಗುತ್ತಿರಲಿಲ್ಲ.

ಜಯಕ್ಕ ಸಂತೆಗೆ ಚಳ್ಳಕೆರೆಗೆ ಬಂದವಳು ಅಣ್ಣನ ಮನೆಯಲ್ಲಿ ಕೂತು ಇದನ್ನೆಲ್ಲ ಹೇಳಿದಳು. ಹಟ್ಟಿಯ ದುರುಗಕ್ಕನ ಸೊಸೆಗೆ ಹೆರಿಗೆ ನೋವು ಬಂದಿತ್ತು, ಮಗು ಅಡ್ಡ ತಿರುಗಿತ್ತು. ದುರುಗಕ್ಕನ ಮಗ ಕೆಂಚಣ್ಣ ದೇವಸಮುದ್ರದಿಂದ ಜೀಪು ಕರೆಸಲು ಫೋನು ಹಿಡಿದು ಗುಡ್ಡದ ಕಡೆ ಓಡಿದ. ಅವಸರದಲ್ಲಿ ಅಪ್ಪಣೆ ಕೇಳಲಿಲ್ಲ. ಚಿಕ್ಕಬಸಪ್ಪ ಎದ್ದು ನಿಂತು, ಯಾರಪ್ಪನ ಗುಡ್ಡ ಅಂತ ಹತ್ತುತ್ತೀಯ ಎಂದು ಗದರಿಸಿದ. ಕೆಂಚಣ್ಣ ಮುಳ್ಳು ಹಾರಲು ಹೋಗಿ ಕಾಲು ಸೀಳಿಕೊಂಡ, ಫೋನು ಬಂಡೆಗೆ ಬಿದ್ದು ಒಡೆಯಿತು. ಆಮೇಲೆ ರಕ್ತ ಸುರಿಸುತ್ತ ಸೈಕಲ್ ತುಳಿದು ದೇವಸಮುದ್ರಕ್ಕೆ ಹೋದ. ಜೀಪು ಬಂದು, ಬಳ್ಳಾರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹುಡುಗಿಗೆ ಪ್ರಜ್ಞೆ ಇರಲಿಲ್ಲ. ಹೇಗೋ ತಾಯಿ ಮಗು ಇಬ್ಬರೂ ಉಳಿದರು. "ದೇವುಡು ಉನ್ನಾಡು," ಎಂದು ಜಯಕ್ಕ ತೆಲುಗಿನಲ್ಲಿ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ದೇವರಿದ್ದಾನೆ ಎಂದು.

ಪಾತಣ್ಣ ಮಗಳ ಮುಖ ನೋಡಿದ. ಅವಳು ಎದ್ದು ಒಳಗೆ ಹೋದಳು. ಚಿಕ್ಕಬಸಪ್ಪನ ಮೇಲೆ ಹೊಸದಾಗಿ ಉಕ್ಕಿದ ಸಿಟ್ಟಿನ ಜೊತೆಗೆ, ಅವನನ್ನು ಆ ಕಲ್ಲಿನ ಮೇಲೆ ಕೂರಿಸಿದವಳು ತಾನೇ ಎಂಬುದೂ ಅವಳನ್ನು ಚುಚ್ಚಿತು.

ಮಾರನೆಯ ಬೆಳಿಗ್ಗೆ ಆಫೀಸಿಗೆ ಹೋದವಳೇ ಹಳೆಯ ನಕ್ಷೆ ತಂದು ಚಂದ್ರಣ್ಣನ ಮೇಜಿನ ಮೇಲೆ ಹರಡಿದಳು. ಹದ್ದಿನಗುಂಡಿನ ಎತ್ತರ ತಪ್ಪು ಹೋಗಿದೆ, ಇಪ್ಪತ್ತಾರು ಮೀಟರ್ ಕಡಿಮೆ ಹೋಗಿದೆ, ತಿದ್ದುಪಡಿ ಕಳಿಸಬೇಕು, ಹಟ್ಟಿಯ ಕಡೆಗೆ ಇನ್ನೊಂದು ಟವರ್ ಬೇಕು ಎಂದಳು. ಚಂದ್ರಣ್ಣ ಕನ್ನಡಕ ಏರಿಸಿ ನಕ್ಷೆ ನೋಡಿದರು, ಅವಳನ್ನು ನೋಡಿದರು.

"ಎಲ್ಲಾ ಬಂಡೆಗುಡ್ಡಕ್ಕೂ ನಕ್ಷೆ ನೋಡ್ತೀಯ. ಇದನ್ನ ಯಾಕಮ್ಮ ನೋಡ್ಲಿಲ್ಲ?"

"ನೋಡಿದ್ದೆ ಸಾರ್."

ಚಂದ್ರಣ್ಣ ಹೆಚ್ಚು ಕೇಳಲಿಲ್ಲ. ಅವರಿಗೆ ಊರು ಕೇರಿಯ ಕಥೆಗಳು ತಿಳಿಯದವೇನಲ್ಲ. ಕಂಪನಿಗೆ ತಾವೇ ಬರೆದರು, ರೇಡಾರಿನ ಎತ್ತರದಲ್ಲಿ ನೆತ್ತಿ ಸಿಕ್ಕಿಲ್ಲ, ಸರ್ವೆ ನಕ್ಷೆಯಂತೆ ಇಷ್ಟಿದೆ ಎಂದು. ಅದನ್ನು ಆಗಲೇ ಕಳಿಸಿಬಿಟ್ಟರು. ಕಳಿಸಿ, ಇನ್ನು ಮೇಲೆ ಗುಡ್ಡಗಳನ್ನು ನಾನೇ ನೋಡುತ್ತೇನೆ, ನೀನು ಬಯಲು ಮಾಡು ಎಂದರು. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಅದೇ ವಾರ ಅಮರೇಶ್ ಮತ್ತೆ ಬಂದ. ಈ ಸಲ ಬುಟ್ಟಿ ಇರಲಿಲ್ಲ. ಅವನಿಗೆ ಯಾರೋ ಹೇಳಿದ್ದರು, ಅವಳು ಪಾತಣ್ಣನ ಮಗಳೆಂದು. ಅವನೂ ಒಂದು ಜಿ.ಪಿ.ಎಸ್. ಹಿಡಿದು ಗುಡ್ಡ ಹತ್ತಿ ಎತ್ತರ ನೋಡಿದ್ದ. ಕಂಪನಿಗೆ ಹೋದ ಎತ್ತರ ಸುಳ್ಳೆಂದು ಗೊತ್ತಾಗಿತ್ತು. ಜಗಳಕ್ಕೆ ಬಂದವನಂತೆ ಕಂಡರೂ ಕುರ್ಚಿಯಲ್ಲಿ ಕೂತ ಮೇಲೆ ಅವನ ದನಿ ಇಳಿಯಿತು. ಊರಲ್ಲಿ ಗುಡ್ಡದ ಮಗ್ಗುಲಿನ ತಮ್ಮ ಮನೆಗೆ ಸಿಗ್ನಲ್ ಸಿಗದೆ ಶೇಂಗಾ ವ್ಯಾಪಾರವೆಲ್ಲ ಮಾರಣ್ಣನ ಕಡೆಯವರಿಗೆ ಹೋಗುತ್ತಿದೆ, ತಂದೆ ಮನೆಯಲ್ಲಿ ಯಾರ ಜೊತೆಗೂ ಮಾತಾಡುವುದಿಲ್ಲ, ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಎತ್ತರ ಸರಿಮಾಡಿ ಕಳಿಸಿ, ಏನು ಬೇಕೋ ಕೇಳಿ ಎಂದ.

ಸರಿಮಾಡಿ ಕಳಿಸಿಯಾಗಿದೆ ಎಂದು ಶಾಂತಕುಮಾರಿ ಹೇಳಬಹುದಿತ್ತು. ಹೇಳಲಿಲ್ಲ.

"ನಿಮ್ಮಪ್ಪ ನಮ್ಮ ಹಟ್ಟಿಗೆ ಬರ್ಬೇಕು," ಎಂದಳು. "ಅವತ್ತು ಪಂಚಾಯ್ತಿ ಕೂತ ಜಾಗದಾಗೆ, ಜನದ ಮುಂದೆ, ತೊಟ್ಟಿಗೆ ಏನು ಹಾಕಿದ್ರು ಅಂತ ನಮ್ಮಪ್ಪಗೆ ಹೇಳ್ಬೇಕು. ಹೇಳಿದ್ರೆ ಎತ್ತರ ಹೋಗ್ತೈತೆ."

"ನಮ್ಮಪ್ಪ ಅಂಥ ಕೆಲ್ಸ ಮಾಡಿಲ್ಲ."

"ಮಾಡಿಲ್ಲ ಅಂತಾನೇ ಬಂದು ಹೇಳ್ಲಿ ಹಂಗಾದ್ರೆ. ನಮ್ಮಪ್ಪನ ಮುಖ ನೋಡಿ ಹೇಳ್ಲಿ."

ಅಮರೇಶ್ ಎದ್ದು ಹೋದ. ಬರುವುದಿಲ್ಲವೆಂದೇ ಅವಳು ಅಂದುಕೊಂಡಳು. ಆದರೆ ಹತ್ತು ಹದಿನೈದು ದಿನದಲ್ಲಿ ಅವನಿಂದ ಫೋನು ಬಂತು, ಭಾನುವಾರ ಬರುತ್ತೇವೆ ಎಂದು.

ಪಾತಣ್ಣ ಆ ದಿನ ಬಿಳಿ ಪಂಚೆ ಉಟ್ಟು, ತಲೆಗೆ ಹೊಸ ರುಮಾಲು ಸುತ್ತಿ ಬಸ್ಸು ಹತ್ತಿದ. ಬೊಮ್ಮಕ್ಕನೂ ಮಗಳೂ ಜೊತೆಗಿದ್ದರು. ಹಟ್ಟಿಯ ಬೇವಿನ ಮರದ ಕೆಳಗೆ ಜಯಕ್ಕ, ದುರುಗಕ್ಕ, ಕಾಲಿಗೆ ಇನ್ನೂ ಪಟ್ಟಿ ಕಟ್ಟಿದ್ದ ಕೆಂಚಣ್ಣ, ಎಲ್ಲ ನೆರೆದಿದ್ದರು. ಅವತ್ತಿನ ಯಜಮಾನರಲ್ಲಿ ಬದುಕಿದ್ದವರು ಒಂದು ಪಕ್ಕ ಕೂತಿದ್ದರು, ಕಣ್ಣು ನೆಲದ ಮೇಲೆ. ಬಿಸಿಲೇರುವ ಹೊತ್ತಿಗೆ ಅಮರೇಶನ ಜೀಪು ಬಂತು. ಚಿಕ್ಕಬಸಪ್ಪ ಇಳಿದ. ಮುದಿಯಾಗಿದ್ದ, ಆದರೆ ಬೆನ್ನು ಬಾಗಿರಲಿಲ್ಲ. ಅವನ ಹಿಂದೆ ಅವನ ಹೆಂಡತಿ ಸುಲೋಚನಮ್ಮ ಇಳಿದಳು. ಅವಳನ್ನು ಯಾರೂ ಕರೆದಿರಲಿಲ್ಲ.

ಚಿಕ್ಕಬಸಪ್ಪ ಕೂರಲಿಲ್ಲ. ನಿಂತೇ ಮಾತು ಶುರುಮಾಡಿದ. ಆಗಿದ್ದು ಆಗಿಹೋಯಿತು, ಊರೂ ಹಟ್ಟಿಯೂ ಒಂದೇ ಮನೆ ಇದ್ದಂತೆ, ಯಾವುದೋ ತಪ್ಪು ತಿಳುವಳಿಕೆಯಿಂದ ಪಾತಣ್ಣನಿಗೆ ನೋವಾಗಿದ್ದರೆ ಅದನ್ನು ಇವತ್ತಿಗೆ ಬಿಡೋಣ ಎಂದ. ಶಾಂತಕುಮಾರಿ ಮುಂದೆ ಬಂದು, ತಪ್ಪು ತಿಳುವಳಿಕೆ ಕೇಳಲು ಕರೆಸಿಲ್ಲ, ಏನು ಹಾಕಿದಿರಿ ಎಂದಷ್ಟೇ ಹೇಳಿ ಎಂದಳು. ಅವನು ಅವಳ ಕಡೆ ತಿರುಗಿ, ಪಂಚಾಯ್ತಿಯ ದಿನ ನಕ್ಕಂತೆಯೇ ನಕ್ಕ. ಅವತ್ತು ಹೇಳಿದ್ದನ್ನೇ ಮತ್ತೆ ಹೇಳಿದ: ಈರುಳ್ಳಿಗೆ ತಂದ ಗೊಬ್ಬರ, ಅಲ್ಲೆಲ್ಲೋ ಚೆಲ್ಲಿರಬೇಕು.

"ಆ ವರ್ಷ ನಾವು ಈರುಳ್ಳಿ ಹಾಕಿರ್ಲಿಲ್ಲ," ಎಂದಳು ಸುಲೋಚನಮ್ಮ.

ಚಿಕ್ಕಬಸಪ್ಪ ತಿರುಗಿ ನೋಡಿದ. ಅವಳು ಗಂಡನ ಕಡೆ ನೋಡಲಿಲ್ಲ, ಪಾತಣ್ಣನ ಕಡೆಯೇ ನೋಡುತ್ತ ಮಾತು ಮುಂದುವರಿಸಿದಳು.

"ಯೂರಿಯಾ ಮೂಟೆ ಹೊತ್ತು ತಂದಿದ್ದು ಇವರು. ಬಾಯಿ ಬಿಚ್ಚಿಕೊಟ್ಟಿದ್ದು ನಾನು. ಒಂದೆರಡು ಕುರಿ ಬಿದ್ರೆ ದಾರಿ ಬಿಟ್ಟುಹೋಗ್ತಾನೆ ಅಂದ್ರು. ಪೂರಾ ಸುರಿದ್ರು. ಪಂಪ್‌ಹೌಸಿನ ಕಿಟಕಿಯಿಂದ ನೋಡ್ತಿದ್ದೆ ನಾನು. ತೊಟ್ಟಿ ತೊಳೆದಿದ್ದೂ ನಾನೇ ಪಾತಣ್ಣ."

ಚಿಕ್ಕಬಸಪ್ಪ ಜೀಪಿನ ಕಡೆ ನಡೆದುಹೋಗಿ ಒಳಗೆ ಕೂತ. ಅಮರೇಶ್ ಅಪ್ಪನ ಹಿಂದೆ ಹೋಗಬೇಕೋ ಅವ್ವನ ಹತ್ತಿರ ನಿಲ್ಲಬೇಕೋ ತಿಳಿಯದೆ ನಡುವೆ ನಿಂತಿದ್ದ.

ಪಾತಣ್ಣ ಎದ್ದ.

"ಸೀಟಿ ಹಾಕಿ ಕರೆದು ಕುಡಿಸಿದೋನು ನಾನು ಅಮ್ಮಾರೆ. ಇಷ್ಟು ವರ್ಷ ನಂಗೂ ಅನುಮಾನ. ಹಿಂದಿನ ದಿನ ಏನಾದ್ರೂ ಕೂಳೆ ತಿಂದಿದ್ವಾ, ನಾನು ನೋಡ್ಲಿಲ್ವಾ ಅಂತ. ಮಲಗಿದ್ರೂ ಅದೇ, ಎದ್ರೂ ಅದೇ." ಅವನು ಯಜಮಾನರ ಕಡೆ ತಿರುಗಿದ. "ಕೇಳಿದ್ರೇನ್ರಪ್ಪಾ?"

ಯಜಮಾನರಲ್ಲಿ ಒಬ್ಬ ತಲೆಯ ಮೇಲಿನ ಟವಲು ತೆಗೆದು ನೆಲದ ಮೇಲಿಟ್ಟ. ಇನ್ನೊಬ್ಬ ಅತ್ತ.

ಸುಲೋಚನಮ್ಮ ಕೈ ಮುಗಿದಳು. ಪಾತಣ್ಣ ಮುಗಿಯಲಿಲ್ಲ. ಅವಳನ್ನು ಬೈಯಲೂ ಇಲ್ಲ. ಅವಳು ಗಂಡನ ಜೀಪು ಹತ್ತದೆ ನಡೆದುಕೊಂಡೇ ಹೊರಟಳು. ಆಮೇಲೆ ಹಿರಿಯೂರಿನಲ್ಲಿದ್ದ ಮಗಳು ತ್ರಿವೇಣಿಯ ಮನೆಗೆ ಹೋದವಳು ಬಹಳ ದಿನ ಊರಿಗೆ ಬರಲಿಲ್ಲವಂತೆ.

ಚಳ್ಳಕೆರೆಗೆ ಹಿಂತಿರುಗುವ ಬಸ್ಸಿನಲ್ಲಿ ಬೊಮ್ಮಕ್ಕ ಮಗಳ ಪಕ್ಕ ಕೂತು, "ಈಗಲಾದ್ರೂ ಹೊಟ್ಟೆ ತಣ್ಣಗಾತಾ?" ಎಂದು ಕೇಳಿದಳು. ಶಾಂತಕುಮಾರಿ ಕಿಟಕಿಯ ಆಚೆ ನೋಡುತ್ತ, ಮಾತು ಅವನ ಬಾಯಿಂದ ಬರಬೇಕಿತ್ತು, ಬರಲಿಲ್ಲ ಎಂದಳು. ಮುಂದಿನ ಸೀಟಿನಲ್ಲಿ ಪಾತಣ್ಣ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಹಗಲು ಹೊತ್ತಿನಲ್ಲಿ ಅವನು ಮಲಗಿದ್ದನ್ನು ತಾಯಿ ಮಗಳು ಕಂಡದ್ದು ಅದೇ ಮೊದಲು.

ಮಳೆಗಾಲ ಕಳೆಯುವ ಹೊತ್ತಿಗೆ ಹದ್ದಿನಗುಂಡಿನ ಮೇಲೆ ಟವರ್ ಎದ್ದಿತು. ಬಾಡಿಗೆ ಚಿಕ್ಕಬಸಪ್ಪನ ಮನೆಗೇ ಹೋಯಿತು. ಅದು ಶಾಂತಕುಮಾರಿಗೆ ಇಂದಿಗೂ ಒಪ್ಪದ ಸಂಗತಿ. ನೆಲ ಅವನದು, ಎತ್ತರ ಕಲ್ಲಿನದು, ಏನೂ ಮಾಡುವಂತಿರಲಿಲ್ಲ. ಆದರೆ ಜನರೇಟರಿಗೆ ಡೀಸೆಲ್ ಹೊತ್ತು ಹೋಗುವ ಗಾಡಿಗಾಗಿ ಕಂಪನಿಯವರು ಮುಳ್ಳು ಕೀಳಿಸಿ ಹಳೆಯ ದಾರಿಯನ್ನು ಅಗಲ ಮಾಡಿಸಿದರು. ಹಟ್ಟಿಯ ಮಂದೆಗಳು ಯಾರನ್ನೂ ಕೇಳದೆ ಅದರಲ್ಲಿ ಮತ್ತೆ ಹೋಗತೊಡಗಿದವು. ಹಟ್ಟಿಯ ಮನೆ ಮನೆಯಲ್ಲೂ ಫೋನು ಹೊಡೆದುಕೊಂಡಿತು, ಮತ್ತು ಬೇವಿನ ಮರದ ಕೆಳಗೆ ನಡೆದ ಮಾತು ಆ ಫೋನುಗಳ ಮೇಲೆ ಹತ್ತಿ ಮೊಳಕಾಲ್ಮೂರು, ರಾಯದುರ್ಗ, ಬಿ.ಜಿ. ಕೆರೆ ಎಲ್ಲ ಸುತ್ತಿತು. ಚಿಕ್ಕಬಸಪ್ಪ ಎಂಬ ಹೆಸರಿನವರು ಆ ಸುತ್ತಿನಲ್ಲಿ ಹಲವರಿದ್ದರು. ಯಾವ ಬಸಪ್ಪ ಎಂದು ಗುರುತು ಹೇಳಬೇಕಾದಾಗ ಜನ ‘ಯೂರಿಯಾ ಬಸಪ್ಪ’ ಎನ್ನತೊಡಗಿದರು. ಸಂತೆಯಲ್ಲಿ ದಲ್ಲಾಳಿಗಳು ಅಂದರು, ಬಸ್ಸಿನ ಕಂಡಕ್ಟರು ಅಂದ, ಕಡೆಗೆ ಮಕ್ಕಳೂ ಅಂದವು. ಅವನು ಸಂತೆಗೆ ಹೋಗುವುದನ್ನು ಬಿಟ್ಟ.

ಆ ಹೆಸರನ್ನು ಮೊದಲು ಜಯಕ್ಕನ ಬಾಯಲ್ಲಿ ಕೇಳಿದ ದಿನ ಪಾತಣ್ಣ ಬಿದ್ದು ಬಿದ್ದು ನಕ್ಕ. ನಕ್ಕು ಕಣ್ಣಲ್ಲಿ ನೀರು ಬಂತು. ಶಾಂತಕುಮಾರಿಯೂ ನಕ್ಕಳು. ಅವನು ಮಿಲ್ಲಿನ ಕೆಲಸ ಬಿಡಲಿಲ್ಲ, ಕುರಿ ಸಾಕುವ ಮಾತನ್ನೂ ಎತ್ತಲಿಲ್ಲ. ಆದರೆ ಹಟ್ಟಿಯ ಮದುವೆ ಮುಂಜಿಗಳಿಗೆ ಹೋಗಿ ಬರತೊಡಗಿದ.

ಟವರ್ ಎದ್ದ ಮೇಲೆ ಒಂದು ಮಧ್ಯಾಹ್ನ ಆಫೀಸಿಗೆ ಅಮರೇಶನ ಫೋನು ಬಂತು. ಗುಡ್ಡದ ಮೇಲಿಂದಲೇ ಮಾತಾಡುತ್ತಿದ್ದ. ಗಾಳಿಯ ಸದ್ದು ಕೇಳುತ್ತಿತ್ತು. ಕಂಪನಿಯ ಎಂಜಿನಿಯರ್ ಜೊತೆ ಮಾತಾಡುವಾಗ ಅವನಿಗೆ ಒಂದು ವಿಷಯ ತಿಳಿದಿತ್ತು.

"ನಾನು ನಿಮ್ಮ ಹತ್ರ ಬರೋಕೆ ಮುಂಚೇನೇ ನೀವು ಸರಿಯಾದ ಎತ್ತರ ಕಳಿಸಿಬಿಟ್ಟಿದ್ರಂತೆ. ಹೌದಾ?"

"ಹೌದು."

"ಮತ್ತೆ ನಮ್ಮಪ್ಪನ್ನ ಯಾಕೆ ಹಟ್ಟಿಗೆ ಕರೆಸಿದ್ರಿ?"

"ಎತ್ತರಕ್ಕಲ್ಲ. ಅವರ ಬಾಯಿಂದ ಒಂದು ಮಾತಿಗೆ ಕರೆಸಿದ್ದು," ಎಂದಳು ಶಾಂತಕುಮಾರಿ.

ಅಮರೇಶ್ ಮಾತು ಬದಲಿಸಿ, ಅವ್ವ ಹಿರಿಯೂರಿನಿಂದ ಬಂದಿದ್ದಾಳೆ, ಅಪ್ಪನ ಜೊತೆ ಮಾತಾಡುವುದಿಲ್ಲ, ಊಟ ಮಾತ್ರ ಬಡಿಸುತ್ತಾಳೆ ಎಂದ. ಯಾಕೆ ಹೇಳಿದನೋ ಅವನಿಗೇ ತಿಳಿದಂತಿರಲಿಲ್ಲ. ಶಾಂತಕುಮಾರಿ ಕೇಳಿಸಿಕೊಂಡಳು, ಆಗಲಿ ಎಂದಳು, ಫೋನು ಇಟ್ಟಳು. ಮೇಜಿನ ಮೇಲೆ ಹಿರಿಯೂರು ಕಡೆಯ ಬಯಲಿನ ಜಾಗಗಳು ಕಾಯುತ್ತಿದ್ದವು.